ಸಜ್ಜಾದ ನೀರು ಯಾರ ಗೋಡೆಗೆ?



ನಿಮ್ಮ ಮನೆಯ ಸಜ್ಜಾ ಎಲ್ಲಿಗೆ ಮುಗಿಯುತ್ತದೆಂದು ಎಂದಾದರೂ ತಲೆಯೆತ್ತಿ ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಮನೆ ಕಟ್ಟಿಸುವಾಗ ನಾವು ಹೆಂಗಸರು ವಿಚಾರಿಸುವುದು ಅಡುಗೆಮನೆಯ ಕಟ್ಟೆಯ ಎತ್ತರ, ನಲ್ಲಿಯ ಜಾಗ, ಪಾತ್ರೆ ಜೋಡಿಸುವ ಶೆಲ್ಫು. ಸಜ್ಜಾ, ಪೈಪು, ತಾರಸಿಯ ನೀರು ಇವೆಲ್ಲ ಗಂಡಸರಿಗೂ ಮೇಸ್ತ್ರಿಗೂ ಬಿಟ್ಟ ವಿಷಯ. ಆದರೆ ಅವುಗಳಿಂದ ಜಗಳ ಹುಟ್ಟಿದರೆ ಗಂಡಸರು ಬೆಳಿಗ್ಗೆ ಕೆಲಸಕ್ಕೆ ಹೊರಟುಹೋಗುತ್ತಾರೆ. ಇಡೀ ದಿನ ಗೋಡೆಯ ಈಚೆ ಒಬ್ಬಳು, ಆಚೆ ಒಬ್ಬಳು ಮುಖ ತಿರುಗಿಸಿಕೊಂಡು ಪಾತ್ರೆ ತೊಳೆಯುವವರು ನಾವೇ.

ಕಳೆದ ವರ್ಷ ಹಿಂಗಾರು ಮಳೆಯ ದಿನಗಳಲ್ಲಿ ನಾನು ಖಾಲಾ ಮನೆಗೆ ಹೋಗಿದ್ದೆ. ಅವರದು ಹೊಸದುರ್ಗ ತಾಲ್ಲೂಕು, ಹಾಲುರಾಮೇಶ್ವರಕ್ಕೆ ಹತ್ತಿರದ ಒಂದು ಹಳ್ಳಿ. ಹಾಲುರಾಮೇಶ್ವರ ಅಲ್ಲಿನ ದೇವಸ್ಥಾನ ಮತ್ತು ಕೊಳದಿಂದ ಆ ಕಡೆಯವರಿಗೆಲ್ಲ ಗೊತ್ತಿರುವ ಊರು. ಖಾಲಾರ ಮಗ ಹಳೆಯ ಮಣ್ಣಿನ ಮನೆ ಕೆಡವಿ ಮಹಡಿ ಮನೆ ಕಟ್ಟಿಸಿದ್ದ. ಮಾಶಾ ಅಲ್ಲಾಹ್, ಚೆನ್ನಾಗಿಯೇ ಕಟ್ಟಿಸಿದ್ದ. ಗೋಡೆಯನ್ನು ತನ್ನ ಜಾಗದ ಅಂಚಿನವರೆಗೂ ಎಬ್ಬಿಸಿದ್ದ. ಸಜ್ಜಾ ಮಾತ್ರ ಒಂದೂವರೆ ಅಡಿ ಪಕ್ಕದ ಮನೆಯ ಮೇಲೆ ಚಾಚಿಕೊಂಡಿತ್ತು.

ಪಕ್ಕದ ಮನೆ ಒಬ್ಬ ವಿಧವೆ ಅಜ್ಜಿಯದು. ಮಣ್ಣಿನ ಗೋಡೆ, ಹೆಂಚಿನ ಮಾಡು. ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಅಜ್ಜಿ ಖಾಲಾರನ್ನು ‘ಬೂಬಮ್ಮ’ ಎಂದು ಕರೆಯುತ್ತಾ ಮೂವತ್ತು ವರ್ಷ ಕಳೆದವರು. ಯುಗಾದಿಗೆ ಅತ್ತಲಿಂದ ಹೋಳಿಗೆ, ಈದ್‌ಗೆ ಇತ್ತಲಿಂದ ಶೀರ್ ಕುರ್ಮಾ. ಈ ಸಲ ನಾನು ಹೋದಾಗ ಆ ಮನೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ನಾನೇ ಕೇಳಿದೆ. ಖಾಲಾ ಸುಮ್ಮನಿದ್ದರು, ಮಗ ಉತ್ತರಿಸಿದ:

“ಆಪಾ, ಆ ಅಜ್ಜಿಗೆ ಯಾರೋ ಕಿವಿ ಊದಿದ್ದಾರೆ. ಸಜ್ಜಾ ಒಡೆಸಬೇಕಂತೆ! ನಾನು ಅವರ ಒಂದಂಗುಲ ನೆಲ ತೆಗೆದುಕೊಂಡಿದ್ದೇನಾ? ನೆಲ ಅವರದು, ಒಪ್ಪಿದೆ. ಮೇಲಿನ ಗಾಳಿಯೂ ಅವರದಾ?”

ಅಂದೇ ರಾತ್ರಿ ಮಳೆ ಬಂತು. ಚಿತ್ರದುರ್ಗ ಬರದ ಜಿಲ್ಲೆ. ವರ್ಷದಲ್ಲಿ ಹತ್ತು ತಿಂಗಳು ಸಜ್ಜಾ ಯಾರ ಕಡೆ ಇದೆಯೆಂದು ಯಾರಿಗೂ ಬೇಕಿಲ್ಲ. ಆದರೆ ಮಳೆ ಹಿಡಿದರೆ ಹಾಗೆಯೇ ಹಿಡಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು ನಿಮಗೆ ನೆನಪಿರಬಹುದು. ಬೆಳಿಗ್ಗೆ ನಾನು ಹಿತ್ತಲಿಗೆ ಹೋಗಿ ನೋಡಿದೆ. ತಾರಸಿಯ ನೀರಿನ ಪೈಪನ್ನೂ ಸಜ್ಜಾದ ಮೇಲೆಯೇ ಬಿಟ್ಟಿದ್ದರು. ಅದೆಲ್ಲ ಸಜ್ಜಾದ ಅಂಚಿನಿಂದ ನೇರವಾಗಿ ಅಜ್ಜಿಯ ಹೆಂಚಿನ ಮೇಲೆ ಸುರಿದು ಗೋಡೆಗೆ ಇಳಿದಿತ್ತು. ಗೋಡೆಯ ಬುಡ ಉಬ್ಬಿ, ಮಣ್ಣು ತಟ್ಟೆಯಗಲ ಕಳಚಿ ಬಿದ್ದಿತ್ತು. ಅಜ್ಜಿ ಅದಕ್ಕೆ ಗೋಣಿಚೀಲ ಒತ್ತಿ ನಿಲ್ಲಿಸುತ್ತಿದ್ದರು. ಗೋಡೆಯ ಆ ಬದಿಯಲ್ಲೇ ಅವರು ಮಲಗುವುದು.

ಮಣ್ಣಿನ ಗೋಡೆ ನೀರು ಕುಡಿದರೆ ಏನಾಗುತ್ತದೆಂದು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ತಮ್ಮನ ಪ್ರಶ್ನೆಗೆ ಬರೋಣ. ಗಾಳಿ ಯಾರದು? ಇದು ಹೊಸ ಪ್ರಶ್ನೆಯೇನಲ್ಲ. 1869ರಿಂದ 1876ರ ನಡುವೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಅಹ್ಮದ್ ಜೌದತ್ ಪಾಶಾರ ನೇತೃತ್ವದ ವಿದ್ವಾಂಸರು ಹನಫಿ ಫಿಕ್ಹ್‌ನ ಆಧಾರದಲ್ಲಿ ‘ಮಜಲ್ಲ’ ಎಂಬ ಕಾನೂನು ಸಂಹಿತೆಯನ್ನು ಸಿದ್ಧಪಡಿಸಿದರು. ಅದರಲ್ಲಿ ನೆರೆಹೊರೆಯವರ ವ್ಯವಹಾರಕ್ಕೆಂದೇ ಎಷ್ಟೋ ಕಲಮುಗಳಿವೆ. ನೆಲ ಯಾರದೋ, ಅದರ ಮೇಲಿನದೂ ಕೆಳಗಿನದೂ ಅವರದೇ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಮರದ ಕೊಂಬೆ ಪಕ್ಕದವರ ಅಂಗಳಕ್ಕೆ ಚಾಚಿದರೆ, ಅದನ್ನು ಎಳೆದು ಕಟ್ಟಿಸಿಯೋ ಕಡಿಸಿಯೋ ತಮ್ಮ ‘ಹವಾ’ವನ್ನು ತೆರವು ಮಾಡಿಸಿಕೊಳ್ಳುವ ಹಕ್ಕು ಅವರಿಗಿದೆ. ಹವಾ ಎಂದರೆ ಗಾಳಿಯೇ. ಕೊಂಬೆ ಮರ ತಾನಾಗಿ ಬೆಳೆಸಿದ್ದು, ಸಜ್ಜಾ ನಾವು ಸಿಮೆಂಟು, ಕಬ್ಬಿಣ ಹಾಕಿ ಬೆಳೆಸಿದ್ದು. ನಮ್ಮ ನಡುವೆ ಹೆಚ್ಚಿನವರು ಹನಫಿಗಳೆಂದು ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ಫಿಕ್ಹ್ ನಮಾಝಿನಲ್ಲಿ ಕೈ ಎಲ್ಲಿ ಕಟ್ಟಬೇಕೆಂಬಲ್ಲಿಗೆ ನಿಂತುಬಿಡುತ್ತದೆ, ಸಜ್ಜಾದವರೆಗೆ ಹೋಗುವುದಿಲ್ಲ.

ಇದಕ್ಕಿಂತ ಬಹಳ ಹಿಂದೆ, ಮದೀನಾದಲ್ಲಿ ಇಂಥದ್ದೇ ಒಂದು ಪ್ರಕರಣ ನಡೆಯಿತು. ಮುಸ್ನದ್ ಅಹ್ಮದ್‌ನಲ್ಲಿ ಅದರ ವರದಿ ಇದೆ. ಪ್ರವಾದಿವರ್ಯರ(ಸ) ಚಿಕ್ಕಪ್ಪ ಹ. ಅಬ್ಬಾಸ್(ರ)ರ ಮನೆಯ ಮಾಳಿಗೆಯಿಂದ ನೀರು ಬೀಳುವ ದೋಣಿ ಜನ ಓಡಾಡುವ ದಾರಿಯ ಮೇಲೆ ಚಾಚಿಕೊಂಡಿತ್ತು. ಖಲೀಫಾ ಹ. ಉಮರ್(ರ) ಒಂದು ಜುಮಾ ದಿನ ಉಡುಪು ಧರಿಸಿ ಮಸೀದಿಗೆ ಹೊರಟಿದ್ದರು. ಆ ಹೊತ್ತಿಗೆ ಮೇಲೆ ಎರಡು ಕೋಳಿಮರಿಗಳನ್ನು ಕೊಯ್ದಿದ್ದರು. ರಕ್ತ ಬೆರೆತ ನೀರು ದೋಣಿಯಿಂದ ಹ. ಉಮರ್‌ರ ಮೇಲೆ ಬಿತ್ತು. ಅವರು ಕೂಡಲೇ ದೋಣಿಯನ್ನು ಕೀಳಿಸಿದರು, ಮನೆಗೆ ಮರಳಿ ಬಟ್ಟೆ ಬದಲಿಸಿ ಬಂದು ನಮಾಝ್ ಮಾಡಿಸಿದರು. ದಾರಿಹೋಕರಿಗೆ ತೊಂದರೆ ಕೊಡುವ ದೋಣಿ, ಖಲೀಫಾರ ಆಜ್ಞೆ, ನ್ಯಾಯವಾಗಿಯೇ ಇತ್ತು. ಆದರೆ ಆಮೇಲೆ ಹ. ಅಬ್ಬಾಸ್(ರ) ಬಂದು, ಆ ದೋಣಿಯನ್ನು ಆ ಸ್ಥಳದಲ್ಲಿ ಇಟ್ಟವರು ಸ್ವತಃ ಪ್ರವಾದಿವರ್ಯರು(ಸ) ಎಂದು ಹೇಳಿದರು. ಹ. ಉಮರ್(ರ) ವಾದಕ್ಕೆ ಇಳಿಯಲಿಲ್ಲ. ತನ್ನ ಬೆನ್ನ ಮೇಲೆ ಹತ್ತಿ, ಮೊದಲಿದ್ದ ಜಾಗದಲ್ಲೇ ಅದನ್ನು ಮತ್ತೆ ಇಡಬೇಕೆಂದು ಅವರಿಗೆ ಆಣೆಯಿಟ್ಟು ಹೇಳಿದರು. ಹ. ಅಬ್ಬಾಸ್(ರ) ಹಾಗೆಯೇ ಮಾಡಿದರು.

ಈ ಘಟನೆಯನ್ನು ಭಾಷಣಗಳಲ್ಲಿ ಖಲೀಫಾರ ವಿನಯಕ್ಕೆ ಉದಾಹರಣೆಯಾಗಿ ಕೇಳಿರುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಸಂಗತಿ ಮುಖ್ಯವೆನಿಸುತ್ತದೆ. ಅಬ್ಬಾಸ್‌ರ ಬಳಿ ಅನುಮತಿ ಇತ್ತು, ಅದೂ ಎಂಥವರ ಅನುಮತಿ! ನಮ್ಮ ತಮ್ಮನ ಬಳಿ ಯಾರ ಅನುಮತಿ ಇತ್ತು? ಮೇಸ್ತ್ರಿಯದು.

ನ್ಯಾಯ ಒಂದೇ ಕಡೆಗಿಲ್ಲ. ಪಕ್ಕದವರು ತಮ್ಮ ಮರದ ತೊಲೆಯನ್ನು ನಿಮ್ಮ ಗೋಡೆಗೆ ಊರಬಯಸಿದರೆ ತಡೆಯಬೇಡಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ಇದನ್ನು ವರದಿ ಮಾಡಿದ ಹ. ಅಬೂ ಹುರೈರಾ(ರ), ಕೇಳಿದವರ ಮುಖದಲ್ಲಿ ಅಸಮಾಧಾನ ಕಂಡು, ನಿಮಗೆ ಹಿಡಿಸದಿದ್ದರೂ ನಾನು ಇದನ್ನು ಹೇಳಿಯೇ ತೀರುತ್ತೇನೆಂದು ಗದರಿದ್ದರಂತೆ. ಆಗಲೂ ಜನ ಹೀಗೆಯೇ ಇದ್ದರು ನೋಡಿ! ಇಮಾಮ್ ಅಹ್ಮದ್ ಇದನ್ನು ಕಡ್ಡಾಯವೆಂದು ತಿಳಿದರೆ, ಇತರ ಇಮಾಮರು ಹೆಚ್ಚಾಗಿ ಸೌಜನ್ಯದ ಮಾತೆಂದು ತಿಳಿದರು. ಹೇಗಿದ್ದರೂ, ಪಕ್ಕದವರ ಬಟ್ಟೆಹಗ್ಗದ ಮೊಳೆ ನಮ್ಮ ಗೋಡೆಯಲ್ಲಿದೆ ಎಂದು, ಅರ್ಧ ಅಡಿ ತಗಡು ನಮ್ಮ ಕಡೆ ಚಾಚಿದೆ ಎಂದು ರಂಪ ಮಾಡುವವರಿಗೆ ಈ ಹದೀಸ್ ಇದೆ. ಕೇಳಿ ಪಡೆಯುವುದು ಬೇರೆ, ಕೇಳದೆ ಚಾಚುವುದು ಬೇರೆ. ಹಾನಿಯಿಲ್ಲದ್ದು ಬೇರೆ, ಗೋಡೆ ಕರಗಿಸುವುದು ಬೇರೆ.

ತಮ್ಮನ ಮನೆಯಲ್ಲಿ ಇನ್ನೊಂದು ಕೊರತೆಯೂ ಇತ್ತು. ಅಜ್ಜಿ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಅವರ ಹಿತ್ತಲಿಗೆ ಹೋಗಿ ಕುಳಿತಾಗ ಮೆಲ್ಲಗೆ ಅಂದರು: “ನೀರು ಹಾಳಾಗ್ಲಿ ತಾಯಿ, ಗೋಡೆ ಹೋದ್ರೆ ಇನ್ನೊಂದು ಕಟ್ಟಿಸ್ತಾನೆ ಮಗ. ಆ ಕಿಟಕಿ ಬಂದ ಮೇಲೆ ನಾನು ಕತ್ತಲಾದ ಮೇಲೇ ಮೈ ತೊಳ್ಕೊಳ್ಳೋದು.” ತಲೆಯೆತ್ತಿ ನೋಡಿದೆ. ಮಹಡಿಯ ಕೋಣೆಯ ಕಿಟಕಿ ನೇರವಾಗಿ ಅವರ ಬಚ್ಚಲಿನ ಮೇಲೆ. ಬಚ್ಚಲಿಗೆ ತಡಿಕೆಯ ಮರೆ, ಮೇಲೆ ಮಾಡಿಲ್ಲ.

ನನಗೆ ನಾಚಿಕೆಯಾಯಿತು. ನಮ್ಮ ಮನೆಯ ಹೆಣ್ಣುಮಕ್ಕಳ ಪರ್ದಾಕ್ಕಾಗಿ ಮುಂಬದಿಯ ಕಿಟಕಿಗಳಿಗೆಲ್ಲ ಕಪ್ಪು ಗಾಜು ಹಾಕಿಸಿದ್ದರು. ಹಿಂಬದಿಯ ಕಿಟಕಿ ಯಾರ ಪರ್ದಾವನ್ನು ಕಿತ್ತಿತೆಂದು ಒಬ್ಬರೂ ಯೋಚಿಸಿರಲಿಲ್ಲ. ಮಜಲ್ಲದಲ್ಲಿ ಇದಕ್ಕೂ ಕಲಮು ಇದೆ. ಅಡುಗೆಮನೆ, ಬಾವಿಕಟ್ಟೆ, ಅಂಗಳ ಮುಂತಾಗಿ ಹೆಂಗಸರು ಓಡಾಡುವ ಜಾಗ ಕಾಣುವಂತೆ ಕಿಟಕಿ ಇಡುವುದನ್ನು ಅದು ದೊಡ್ಡ ಹಾನಿಯೆಂದೇ ಎಣಿಸುತ್ತದೆ. ಮರೆ ಕಟ್ಟಿಯೋ ಬೇರೆ ರೀತಿಯಲ್ಲೋ ಆ ಹಾನಿಯನ್ನು ನೀಗಿಸಬೇಕು. ಆ ಹೆಂಗಸು ಮುಸ್ಲಿಮಳಾಗಿರಬೇಕೆಂಬ ಷರತ್ತು ಅಲ್ಲಿಲ್ಲ. ಪವಿತ್ರ ಕುರ್‌ಆನ್ ಕೂಡಾ ಸೂರಃ ಅನ್ನಿಸಾದಲ್ಲಿ (4:36) ಸಂಬಂಧಿಕರಾದ ನೆರೆಯವರನ್ನೂ ಅಪರಿಚಿತರಾದ ನೆರೆಯವರನ್ನೂ ಜೊತೆಗೇ ಹೆಸರಿಸಿ ಒಳಿತು ಮಾಡಲು ಆದೇಶಿಸಿದೆ.

ಸಮುರಾ ಬಿನ್ ಜುಂದುಬ್(ರ)ರ ಖರ್ಜೂರದ ಮರದ ಪ್ರಸಂಗವೂ (ಅಬೂದಾವೂದ್) ಇದೇ ಬಗೆಯದು. ಮರ ಅವರದು, ತೋಟ ಒಬ್ಬ ಅನ್ಸಾರಿಯದು. ಆ ತೋಟದಲ್ಲಿ ಅನ್ಸಾರಿಯ ಕುಟುಂಬವೂ ಇತ್ತು. ಮರಕ್ಕೆಂದು ಸಮುರಾ ಒಳಗೆ ಬಂದು ಹೋಗುವುದು ಆ ಮನೆಯವರಿಗೆ ಕಷ್ಟವಾಗುತ್ತಿತ್ತು. ಪ್ರವಾದಿವರ್ಯರು(ಸ) ಮಾರಲು ಹೇಳಿದರು, ಬದಲಿಸಿಕೊಳ್ಳಲು ಹೇಳಿದರು, ದಾನ ಮಾಡಿ ಪುಣ್ಯ ಪಡೆಯಲು ಹೇಳಿದರು. ಅವರು ಒಪ್ಪಲಿಲ್ಲ. ಕೊನೆಗೆ ನೀನು ಹಾನಿ ಮಾಡುವವನೆಂದು ಹೇಳಿ, ಮರವನ್ನು ಕಿತ್ತುಹಾಕಲು ಅನ್ಸಾರಿಗೆ ಅಪ್ಪಣೆ ಕೊಟ್ಟರು. ಪಕ್ಕದವರ ಹೆಂಚಿನ ಮೇಲೆ ವಾಲಿ ನಿಂತ ತೆಂಗಿನಮರ ಇರುವವರು ಇದನ್ನು ಇನ್ನೊಮ್ಮೆ ಓದಬೇಕು.

ಇನ್ನು ದೇಶದ ಕಾನೂನು. ಎರಡು ಮನೆಯವರೂ ತಿಳಿದಿರುವುದು ಒಳ್ಳೆಯದು. ಪಕ್ಕದವರ ಜಾಗದ ಮೇಲೆ ಚಾಚಿದ ಸಜ್ಜಾ ಒತ್ತುವರಿಯೇ. ಸಿವಿಲ್ ನ್ಯಾಯಾಲಯ ಅದನ್ನು ಒಡೆಸಬಲ್ಲದು. ಆದರೆ ಹೋಗಲಿ ಬಿಡು ಎಂದು ಸುಮ್ಮನಿದ್ದು, 20 ವರ್ಷ ತಡೆಯಿಲ್ಲದೆ ನಿಮ್ಮ ಅಂಗಳಕ್ಕೆ ಅವರ ಸೂರಿನ ನೀರು ಬಹಿರಂಗವಾಗಿ, ಹಕ್ಕೆಂಬಂತೆ ಬಿದ್ದರೆ ಅದು ಹಕ್ಕೇ ಆಗಿಬಿಡಬಹುದು. ಹಾಗೆಂದು ಔದಾರ್ಯ ತೋರಲು ಹೆದರಬೇಕಾಗಿಲ್ಲ. ಅನುಮತಿ ಕೇಳಿ ಅನುಭವಿಸಿದ್ದು ಹಾಗೆ ಹಕ್ಕಾಗುವುದಿಲ್ಲ. ಆದ್ದರಿಂದ ಒಪ್ಪಿಗೆಯನ್ನು ಬಾಯಿಮಾತಿಗೆ ಬಿಡದೆ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಇದು ಅನುಮತಿ ಮಾತ್ರ, ನಮ್ಮ ಮನೆ ಎತ್ತರಿಸುವಾಗ ತೆಗೆಯಬೇಕು ಎಂಬ ಮಾತೂ ಅದರಲ್ಲಿರಲಿ. ಇಲ್ಲದಿದ್ದರೆ, ನಿಮ್ಮ ಒಪ್ಪಿಗೆ ನಂಬಿ ಖರ್ಚು ಮಾಡಿ ಖಾಯಂ ಕಟ್ಟಡ ಕಟ್ಟಿದ್ದೇವೆ ಎಂದು ಅವರು ವಾದಿಸಬಹುದು. ಮನೆಯ ದಾಖಲೆಯಲ್ಲಿರುವ ಚಕ್ಕುಬಂದಿಯನ್ನು ಅಡಿಪಾಯ ಹಾಕುವ ಮೊದಲೇ ಇಬ್ಬರೂ ಸೇರಿ ಅಳೆಯುವುದು ಎಲ್ಲಕ್ಕಿಂತ ಅಗ್ಗ. ಮಾತು ಬೆಳೆದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಅಜ್ಜಿಗೆ ಇದನ್ನು ನಾನೇ ಹೇಳಿದೆ. ತಮ್ಮನಿಗೆ ಸಿಟ್ಟು ಬಂತು, ಬರಲಿ.

ಅವನನ್ನು ಒಪ್ಪಿಸಿದ್ದು ನನ್ನ ಹದೀಸ್‌ಗಳಲ್ಲ, ಖಾಲಾ. ಆ ದಿನ ಮಧ್ಯಾಹ್ನ ಊಟಕ್ಕೆ ಕುಳಿತವನ ಮುಂದೆ ತಟ್ಟೆ ಇಡುತ್ತಾ, “ನಾಳೆ ಆ ಗೋಡೆ ಅಜ್ಜಿಯ ಮೇಲೆ ಬಿದ್ದರೆ ಮೊದಲು ಎತ್ತಲು ಓಡುವವಳು ನಾನು. ಆಮೇಲೆ ಈ ಮನೆಯಲ್ಲಿ ನಾನು ಇರುವುದಿಲ್ಲ” ಎಂದರು. ಅಷ್ಟೇ. ಅವನು ಮರುದಿನ ಹೊಸದುರ್ಗದಿಂದ ಪ್ಲಾಸ್ಟಿಕ್ ದೋಣಿ ತಂದ. ಸಜ್ಜಾದ ಉದ್ದಕ್ಕೂ ಅದನ್ನು ಕಟ್ಟಿಸಿ, ನೀರನ್ನು ಪೈಪಿನಲ್ಲಿ ತನ್ನದೇ ಅಂಗಳಕ್ಕೆ ಇಳಿಸಿದ. ತಾರಸಿಯ ಪೈಪನ್ನೂ ತಿರುಗಿಸಿದ. ಗೋಡೆಯ ಬುಡವನ್ನು ತನ್ನ ಖರ್ಚಿನಲ್ಲೇ ಕಟ್ಟಿಸಿಕೊಡಲು ಒಪ್ಪಿದ. ಸಜ್ಜಾ ಸದ್ಯಕ್ಕೆ ಇರಲಿ, ಅಜ್ಜಿಯ ಮಗ ಮನೆ ಕಟ್ಟಿಸುವಾಗ ಒಡೆಯತಕ್ಕದ್ದು ಎಂದು ಕಾಗದವಾಯಿತು. ಅಜ್ಜಿ ಹೆಬ್ಬೆಟ್ಟು ಒತ್ತುವಾಗ, “ಬೂಬಮ್ಮನೂ ಒತ್ಲಿ” ಎಂದರಂತೆ. ಖಾಲಾ ಸಹಿ ಹಾಕಿದರು.

ಕಿಟಕಿಯ ವಿಷಯ ಮಾತ್ರ ನಾನು ಹೊರಡುವವರೆಗೆ ಇತ್ಯರ್ಥವಾಗಿರಲಿಲ್ಲ. ಗಾಳಿ ಬರುವುದಿಲ್ಲವೆಂದು ತಮ್ಮನ ಹೆಂಡತಿಯ ತಕರಾರು. ಮರದ ಚೌಕಟ್ಟಿಗೆ ಓರೆ ಪಟ್ಟಿ ಹೊಡೆಸಿದರೆ ಗಾಳಿ ಬರುತ್ತದೆ, ನೋಟ ಕೆಳಗೆ ಹೋಗುವುದಿಲ್ಲ ಎಂದು ಬಡಗಿ ಹೇಳಿದ್ದಾನಂತೆ. ಮೊನ್ನೆ ಫೋನಿನಲ್ಲಿ ಕೇಳಿದೆ, ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಖಾಲಾ ತಮ್ಮ ಹಳೆಯ ಸೀರೆಯೊಂದನ್ನು ಆ ಕಿಟಕಿಗೆ ಹೊರಗಿನಿಂದ ಬಿಗಿದು ಕಟ್ಟಿಸಿದ್ದಾರೆ.