ಜಂತಿಯ ಸಂದಿಯ ಜೇಡ

ಮಳೆ ಹಿಡಿಯಿತೆಂದರೆ ಶಿಗ್ಗಾಂವ ಸೀಮೆಯ ಮಾಳಿಗೆಯ ಮನೆಗಳಲ್ಲಿ ಅಂಗೈಯಗಲದ ಕಂದು ಜೇಡವೊಂದು ಜಂತಿಯ ಸಂದಿಯಿಂದಿಳಿದು ಅಡಿಗೆಮನೆಯ ಗೋಡೆಯನ್ನು ಹಿಡಿದು ನಿಲ್ಲುವುದುಂಟು. ಕಂಡೊಡನೆ ಕಸಬರಿಗೆಗೆ ಕೈಹಾಕುವ ಸೋದರಿಯರಲ್ಲಿ ನಮ್ಮದೊಂದು ವಿಜ್ಞಾಪನೆ: ಕ್ಷಣಕಾಲ ತಾಳಿರಿ.

ಜೇಡನೆಂದರೆ ಹಳಗಾಲದಲ್ಲಿ ನೇಕಾರನೇ. ದಾಸಿಮಯ್ಯನು ಜೇಡರ ದಾಸಿಮಯ್ಯನೆನಿಸಿದುದು ಆ ಕಾಯಕದಿಂದಲೇ. ಆದರೆ ಈ ಅಗಲಗಾಲಿನ ಪ್ರಾಣಿಯು ಬಲೆಯನ್ನೇ ನೇಯುವುದಿಲ್ಲ. ಇರುಳೆಲ್ಲ ತಿರುಗಾಡಿ ಜಿರಲೆಗಳನ್ನು ಹಿಡಿದು ತಿನ್ನುವುದೇ ಅದರ ವೃತ್ತಿ. ಹಿಸುಕಿದರೆ ಕಚ್ಚೀತು, ನೋವಾದೀತು, ಪ್ರಾಣಭಯವಿಲ್ಲ. ಹೊಟ್ಟೆಯಡಿಯಲ್ಲಿ ಬಿಳಿಯ ಬಿಲ್ಲೆಯಂಥದನ್ನು ಹೊತ್ತಿದ್ದರೆ ಅದು ನೂರಾರು ತತ್ತಿಗಳ ಚೀಲವೆಂದು ತಿಳಿಯಬೇಕು. ಬೇಡವೆನಿಸಿದರೆ ಅಗಲ ಬಾಯಿಯ ಡಬ್ಬಿಯನ್ನು ಮೇಲೆ ಬೋರಲಿಟ್ಟು, ಗೋಡೆಗುಂಟ ರಟ್ಟನ್ನು ಸರಿಸಿ, ಹಿತ್ತಲ ಕಟ್ಟಿಗೆಯ ಒಟ್ಟಿಲಲ್ಲಿ ಬಿಟ್ಟರಾಯಿತು.

ಇದಕ್ಕಿಂತ ದೊಡ್ಡ ಸಂಗತಿ ಬೇರೊಂದಿದೆ. ಮೈಮೇಲೆ ಬೊಬ್ಬೆಗಳೆದ್ದರೆ 'ಜೇಡ ಹರಿದಾಡಿದೆ'ಯೆಂದು ಸೊಪ್ಪಿನ ರಸವನ್ನು ಹಚ್ಚುತ್ತ ಕೂಡ್ರುವ ರೂಢಿಯನ್ನು ನಾವು ಸರ್ವಥಾ ಒಪ್ಪಲಾರೆವು. ಪಾಪದ ಜೇಡ! ಮೈಯ ಒಂದೇ ಮಗ್ಗುಲಲ್ಲಿ ಪಟ್ಟಿಯಂತೆ ಉರಿಯುತ್ತ ಏಳುವ ಬೊಬ್ಬೆಗಳು ಬಹುಮಟ್ಟಿಗೆ ಸರ್ಪಸುತ್ತಿನವು. ಎಂದೋ ಬಂದುಹೋದ ಸೀತಾಳೆ ಸಿಡುಬಿನ ವಿಷಾಣುವು ನರಗಳಲ್ಲಿ ಅಡಗಿದ್ದು, ಮುಪ್ಪಿನಲ್ಲಿಯೋ ನಿಶ್ಶಕ್ತಿಯಲ್ಲಿಯೋ ಮತ್ತೆ ತಲೆಯೆತ್ತುವುದರಿಂದ ಅದು ಬರುತ್ತದೆ. ಬೊಬ್ಬೆಯೆದ್ದ 3 ದಿನಗಳೊಳಗೆ ವೈದ್ಯರ ಗುಳಿಗೆಗಳು ಆರಂಭವಾದರೆ ಗುಣವು ಹೆಚ್ಚು. ಹಣೆಯ ಮೇಲೆಯೋ ಕಣ್ಣಿನ ಸುತ್ತಲೋ ಎದ್ದಿದ್ದರಂತೂ ದೃಷ್ಟಿಗೇ ಕುಂದು ಬರಬಹುದಾದ್ದರಿಂದ, ಮಳೆ ನಿಲ್ಲಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.