ಮನೆಯ ಸರ್ವರಿಗೆ ಡಿಸ್ಕ್ ಕೊಳ್ಳುವ ಮುನ್ನ

ಪತಿ ಜುಬೈಲಿನಲ್ಲಿ, ಮಗಳು ಹಾಸ್ಟೆಲಿನಲ್ಲಿ, ಉಮ್ಮ ಊರಿನಲ್ಲಿ. ನಿಕಾಹ್‌ನ ವೀಡಿಯೊ ಒಬ್ಬರ ಫೋನಿನಲ್ಲಿ, ಹಜ್ಜಿನ ಫೋಟೋಗಳು ಇನ್ನೊಬ್ಬರದರಲ್ಲಿ, ತೀರಿಕೊಂಡ ಅಜ್ಜನ ಧ್ವನಿ ಯಾವುದೋ ಹಳೆಯ ಮೆಮೊರಿ ಕಾರ್ಡಿನಲ್ಲಿ. ನಮ್ಮ ಅನೇಕ ಮನೆಗಳ ಸ್ಥಿತಿ ಇದು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸೌಲಭ್ಯ 2021ರ ಜೂನ್ 1ಕ್ಕೆ ಕೊನೆಗೊಂಡ ಬಳಿಕ, ಮನೆಯಲ್ಲೇ ಒಂದು ಸಣ್ಣ ಸರ್ವರ್ ಇಟ್ಟುಕೊಳ್ಳಬಹುದೇ ಎಂದು ಕೇಳುವವರು ಹೆಚ್ಚಿದ್ದಾರೆ.

ಸರ್ವರ್ ಎಂದೊಡನೆ ಗಾಬರಿ ಬೇಡ. ಹಗಲಿರುಳು ಚಾಲೂ ಇರುವ ಒಂದು ಕಂಪ್ಯೂಟರ್, ಮನೆಯ ಎಲ್ಲ ಫೋನುಗಳು ತಮ್ಮ ಫೋಟೋಗಳನ್ನು ಅದರಲ್ಲಿ ತಂದಿಡುತ್ತವೆ, ಅಷ್ಟೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಮೂಲೆಗೆ ಬಿದ್ದ ಲ್ಯಾಪ್‌ಟಾಪ್ ಧಾರಾಳ ಸಾಕು. ಕರೆಂಟು ಹೋದಾಗ ಅದರ ಬ್ಯಾಟರಿಯೇ ಆಸರೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಬಳಸಲೇಬೇಡಿ, ಬೆಂಕಿಯ ಅಪಾಯವಿದೆ. ಹಳೆಯ ಡೆಸ್ಕ್‌ಟಾಪ್ 60 ವ್ಯಾಟ್ ಎಳೆಯುತ್ತದೆಂದರೆ ತಿಂಗಳಿಗೆ 43 ಯೂನಿಟ್. 10 ವ್ಯಾಟಿನ ಪುಟ್ಟ ಪಿಸಿಗೆ 7 ಯೂನಿಟ್ ಸಾಕು. ಇಲ್ಲಿ ಉಳಿಸಿದ ಹಣವನ್ನು ಡಿಸ್ಕಿಗೆ ಹಾಕಿ.

ಕಂಪ್ಯೂಟರ್ ನಡೆಸುವ ತಂತ್ರಾಂಶಕ್ಕೆ ಸಣ್ಣ ಎಸ್‌ಎಸ್‌ಡಿ ಒಳ್ಳೆಯದು. ಆದರೆ ಕರೆಂಟಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಎಸ್‌ಎಸ್‌ಡಿಯಲ್ಲಿದ್ದುದು ಅಳಿಸಿಹೋಗುವ ಸಾಧ್ಯತೆಯಿದೆ. ರಾಶಿ ಫೋಟೋ-ವೀಡಿಯೊಗಳಿಗೆ ಹಾರ್ಡ್ ಡಿಸ್ಕೇ ಅಗ್ಗ.

ಹಾರ್ಡ್ ಡಿಸ್ಕಿನಲ್ಲೂ ಎರಡು ಬಗೆ, ಸಿಎಂಆರ್ ಮತ್ತು ಎಸ್‌ಎಂಆರ್. ನಮ್ಮ ಮಂಗಳೂರು ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ. ಒಂದು ಹೆಂಚಿನ ಅಂಚಿನ ಮೇಲೆ ಇನ್ನೊಂದು ಕುಳಿತಿರುತ್ತದೆ. ನಡುವಿನದನ್ನು ಬದಲಿಸಲು ಮೇಲಿನವುಗಳನ್ನೂ ಎತ್ತಬೇಕು. ಎಸ್‌ಎಂಆರ್ ಡಿಸ್ಕ್ ಬರೆಯುವುದೂ ಹೀಗೆಯೇ. ಹಾಗಾಗಿ ತಿದ್ದಿ ಬರೆಯುವಾಗ ಅದು ಬಹಳ ನಿಧಾನ. ಸರ್ವರಿಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಕೆಲವು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂದು ಹೆಸರಿಟ್ಟರು. ಸೀಗೇಟ್‌ನ ಐರನ್‌ವುಲ್ಫ್ ಸಿಎಂಆರ್. ಅಂಗಡಿಯವರ ಮಾತಿಗಿಂತ ಮಾಡೆಲ್ ನಂಬರ್ ಹೆಚ್ಚು ನಂಬಿಕಸ್ಥ.

4 ಟಿಬಿ ಡಿಸ್ಕು ಕಂಪ್ಯೂಟರಿನಲ್ಲಿ 3.6 ಎಂದು ತೋರಿಸಿದರೆ ಅಂಗಡಿಯವನನ್ನು ಶಂಕಿಸಬೇಡಿ, ಅದು ಎಣಿಕೆಯ ಕ್ರಮದ ವ್ಯತ್ಯಾಸ. ಆದರೆ ಮೋಸವೂ ಇದೆ: ಬಳಸಿದ ಸೀಗೇಟ್ ಡಿಸ್ಕುಗಳ ಗಂಟೆಗಳ ಲೆಕ್ಕ ಅಳಿಸಿ ಹೊಸದೆಂದು ಮಾರಿದ ಪ್ರಕರಣ 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂತು. ಸೀರಿಯಲ್ ನಂಬರನ್ನು ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಪರಿಶೀಲಿಸಿ.

ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕು ಹಾಕಿ ಒಂದರ ನಕಲು ಇನ್ನೊಂದರಲ್ಲಿ ಮೂಡಿಸುವ ರೇಡ್ ವ್ಯವಸ್ಥೆಯ ಬಗ್ಗೆ ಅನೇಕರಿಗೆ ಅತಿಯಾದ ಭರವಸೆ. ಮಗು ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಮಳೆಗಾಲದ ಸಿಡಿಲಿಗೆ ಎರಡೂ ಒಟ್ಟಿಗೆ ಸುಡಬಹುದು. ನನ್ನ ಸಲಹೆ, ಎರಡನೆಯ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿಸಿ, ತಿಂಗಳಿಗೊಮ್ಮೆ ನಕಲು ತೆಗೆದು ತವರುಮನೆಯಲ್ಲಿಡಿ.

ಡಿಸ್ಕುಗಳನ್ನು ಮೊದಲ ದಿನವೇ ಎನ್‌ಕ್ರಿಪ್ಟ್ ಮಾಡಿಸಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ತೆರೆಯದಂತೆ ಬೀಗ ಹಾಕಿಸಿ. ಕೆಟ್ಟ ಡಿಸ್ಕನ್ನು ವಾರಂಟಿಗೆ ಕೊಡುವಾಗ ಮನೆಯ ಹೆಣ್ಣುಮಕ್ಕಳ ಫೋಟೋಗಳೂ ಅದರೊಂದಿಗೆ ಹೋಗುತ್ತವೆ ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಆ ಪಾಸ್‌ವರ್ಡ್ ಪತಿಯೊಬ್ಬರಿಗೇ ಗೊತ್ತಿದ್ದರೆ ಸಾಲದು. ಅವರು ರಜೆ ಮುಗಿಸಿ ವಿಮಾನ ಹತ್ತಿದ ಮೇಲೆ ಸರ್ವರ್ ನೋಡಿಕೊಳ್ಳಬೇಕಾದವರು ನೀವು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಚಿನ್ನದ ಜೊತೆ ಭದ್ರವಾಗಿಡಿ. ಅವರು ಹೊರಡುವ ಮುನ್ನ, ತವರಿನ ಡಿಸ್ಕಿನಿಂದ ಒಂದು ವೀಡಿಯೊವನ್ನು ನೀವೇ ನಿಮ್ಮ ಕೈಯಾರೆ ತೆರೆದು ನೋಡಿ.