ಕಥೆ ಎರವಲಾದರೂ ಮಾತು ನಮ್ಮದಿರಲಿ

‘ದಿ ಸೀಕ್ರೆಟ್ ಲೈಫ್ ಆಫ್ ಪೆಟ್ಸ್’ ಶುರುವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಅದರ ಕಥೆ ಎಲ್ಲಿಂದ ಬಂತೆಂದು ಗೊತ್ತಾಗಿಬಿಡುತ್ತದೆ. 1995ರ ‘ಟಾಯ್ ಸ್ಟೋರಿ’ಯಲ್ಲಿ ಹುಡುಗನ ಅಚ್ಚುಮೆಚ್ಚಿನ ಗೊಂಬೆ ವುಡಿಗೆ, ಹೊಸದಾಗಿ ಬಂದ ಬಝ್‌ನನ್ನು ಕಂಡರೆ ಹೊಟ್ಟೆಕಿಚ್ಚು. ಇಬ್ಬರೂ ಜಗಳವಾಡಿ, ಮನೆ ತಪ್ಪಿ, ಅಲೆದಾಡಿ, ಗೆಳೆಯರಾಗಿ ಮರಳುತ್ತಾರೆ. 2016ರ ಈ ಚಿತ್ರದಲ್ಲಿ ಗೊಂಬೆಗಳ ಜಾಗದಲ್ಲಿ ನಾಯಿಗಳಿವೆ. ನ್ಯೂಯಾರ್ಕಿನ ಫ್ಲಾಟಿನಲ್ಲಿ ಒಡತಿಯ ಮುದ್ದಿನ ಮ್ಯಾಕ್ಸ್, ಅಲ್ಲಿಗೆ ಬಂದು ಸೇರುವ ದಢೂತಿ ಡ್ಯೂಕ್. ಉಳಿದದ್ದನ್ನು ನಾನು ಹೇಳಬೇಕಿಲ್ಲ.

ಆದರೂ ಮಕ್ಕಳ ಜೊತೆ ಕೂತು ಒಂದು ಸಲ ನೋಡಲು ಅಡ್ಡಿಯಿಲ್ಲ. ಮನೆಯವರು ಬಾಗಿಲೆಳೆದುಕೊಂಡು ಹೋದ ಮೇಲೆ ಸಾಕುಪ್ರಾಣಿಗಳು ಏನು ಮಾಡುತ್ತವೆ ಎಂಬ ಮೊದಲ ಭಾಗವೇ ಚಿತ್ರದ ಜೀವ. ಉದ್ದ ಮೈಯ ನಾಯಿಯೊಂದು ಅಡುಗೆಮನೆಯ ಹಿಟ್ಟು ಕಲಸುವ ಯಂತ್ರದ ಕೆಳಗೆ ನಿಂತು ಬೆನ್ನು ತಿಕ್ಕಿಸಿಕೊಳ್ಳುತ್ತದೆ. ಯಜಮಾನ ಶಾಸ್ತ್ರೀಯ ಸಂಗೀತ ಹಾಕಿಟ್ಟು ಹೊರಟದ್ದೇ ತಡ, ಪೂಡಲ್ ನಾಯಿ ಅಬ್ಬರದ ರಾಕ್ ಸಂಗೀತಕ್ಕೆ ತಲೆ ಕುಣಿಸುತ್ತದೆ. ನಗಲು ಇಲ್ಲಿ ಯಾವ ಭಾಷೆಯೂ ಬೇಡ. ಆಮೇಲಿನ ಓಡಾಟ, ಬೆನ್ನಟ್ಟುವಿಕೆ ಅತಿಯಾಯಿತು. ತನ್ನ ಹಳೆಯ ಯಜಮಾನ ತೀರಿಕೊಂಡಿದ್ದಾನೆಂದು ಡ್ಯೂಕ್‌ಗೆ ತಿಳಿಯುವ ಘಳಿಗೆಯೊಂದು ಮಾತ್ರ ಎದೆಗೆ ತಾಗುತ್ತದೆ. ಅಲ್ಲಿ ತುಸು ಹೊತ್ತು ನಿಲ್ಲಬೇಕಿದ್ದ ಚಿತ್ರ ಮತ್ತೆ ಓಟಕ್ಕೆ ಬೀಳುತ್ತದೆ.

ಕಥೆ ಎರವಲೆಂಬ ಕಾರಣಕ್ಕೇ ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ನಾವು ಬೆಳಗಿನವರೆಗೆ ಕೂತು ನೋಡಿದ ಯಕ್ಷಗಾನದ ಆಟಗಳಲ್ಲಿ ಗೊತ್ತಿಲ್ಲದ ಕಥೆ ಎಷ್ಟಿತ್ತು? ನಳನ ಪಾಡು ಎಲ್ಲರಿಗೂ ಗೊತ್ತು. ಆದರೂ ಕುಂಜಾಲು ರಾಮಕೃಷ್ಣ ನಾಯಕರಂಥ ಹಾಸ್ಯಗಾರರು ರಂಗಕ್ಕೆ ಬಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಿದ್ದರು. ರಾಜರು ಗ್ರಾಂಥಿಕ ಕನ್ನಡದಲ್ಲಿ ಗಂಭೀರವಾಗಿ ಮಾತಾಡುವಾಗ ಹಾಸ್ಯಗಾರ ನಮ್ಮ ಮನೆಯಂಗಳದ ಮಾತನ್ನೇ ರಂಗಕ್ಕೆ ತರುತ್ತಾನೆ. ಉಪ್ಪಿನಕುದ್ರುವಿನ ಗೊಂಬೆಯಾಟವೂ ಹಾಗೆಯೇ. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದ ಕೊಗ್ಗ ಕಾಮತರು ಆಡಿಸಿದ್ದೂ ಯಕ್ಷಗಾನದ ಹಳೆಯ ಪ್ರಸಂಗಗಳನ್ನೇ. ಸೂತ್ರಕ್ಕೆ ಕಟ್ಟಿದ ಮರದ ಗೊಂಬೆ ಹೆಜ್ಜೆ ಹಾಕುವಾಗ ಭಾಗವತಿಕೆ, ಚೆಂಡೆ, ಮಾತು ಎಲ್ಲವೂ ಈ ನೆಲದವು. ಗೊಂಬೆಗೆ ಜೀವ ಬಂದದ್ದು ಅದರಿಂದ. ಅವರ ಮಗ ಭಾಸ್ಕರ್ ಕೊಗ್ಗ ಕಾಮತರು ಆ ಕಲೆಯನ್ನು ಮುಂದುವರಿಸಿದ್ದಾರೆ.

ಕಾರ್ಟೂನಿನ ಮುಂದೆ ಕೂರುವ ನಮ್ಮ ಮಕ್ಕಳಿಗೆ ಇಲ್ಲದ್ದು ಈ ನೆಲದ ಮಾತು. ಈ ಚಿತ್ರದ ಸ್ನೋಬಾಲ್ ಎಂಬ ಸಿಡುಕು ಮೊಲ ಪಟಪಟನೆ ಇಂಗ್ಲಿಷ್ ಉದುರಿಸುವಾಗ ಮಕ್ಕಳು ನಗುವುದು ಅದರ ಮುಖ ನೋಡಿ, ಮಾತು ಕೇಳಿ ಅಲ್ಲ. ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟಳೆ ದಶಕಗಳ ಕಾಲ ನಡೆಯಿತು. ಅದರ ಹಿಂದೆ ನಮ್ಮ ಕಲಾವಿದರ ಅನ್ನದ ಪ್ರಶ್ನೆಯಿತ್ತು, ಅದನ್ನು ಹಗುರವಾಗಿ ನೋಡುವವನಲ್ಲ ನಾನು. ಆದರೆ ಅದರ ನಷ್ಟವನ್ನು ಹೆಚ್ಚು ಅನುಭವಿಸಿದವರು ಮಕ್ಕಳು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ನೀಡಿತು. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಕನ್ನಡದಲ್ಲೂ ಬಂತು, 2025ರಲ್ಲಿ ‘ಮಹಾವತಾರ ನರಸಿಂಹ’ ಬಂತು. ಎರಡೂ ಹೊಡೆದಾಟದ, ಅಬ್ಬರದ ಚಿತ್ರಗಳು. ಮನೆಮಂದಿಯೆಲ್ಲ ಕೂತು ನಗುವಂಥ ಸಾಧಾರಣ ಹಾಸ್ಯಚಿತ್ರಗಳು ಕನ್ನಡದಲ್ಲಿ ಸಿಗುವುದು ಇಂದಿಗೂ ಅಪರೂಪ.

ಮ್ಯಾಕ್ಸ್ ಬಾಗಿಲಲ್ಲಿ ನಿಂತು ಡ್ಯೂಕ್‌ಗೆ ನಮ್ಮ ಕುಂದಾಪ್ರ ಕನ್ನಡದಲ್ಲಿ ‘ಹ್ವಾಯ್, ಇಲ್ಲ್ ಎಂತ ಮಾಡ್ತಿದ್ದೆ?’ ಎಂದು ಕೇಳಿದರೆ ಕೋಟೇಶ್ವರದ ಮಗುವೂ ನಗುತ್ತದೆ, ಅದರ ಅಜ್ಜಿಯೂ ನಗುತ್ತಾರೆ. ಕೆಲವು ವರ್ಷಗಳಿಂದ ಆಸಾಡಿ ಅಮಾಸಿಯಂದು ನಾವು ವಿಶ್ವ ಕುಂದಾಪುರ ಕನ್ನಡ ದಿನ ಆಚರಿಸುತ್ತಿದ್ದೇವೆ. ಭಾಷಣ, ಊಟ, ಆಟೋಟ ಎಲ್ಲವೂ ಇರಲಿ. ಜೊತೆಗೆ ಹತ್ತೇ ನಿಮಿಷದ್ದಾದರೂ ಸರಿ, ಮಕ್ಕಳಿಗಾಗಿ ಕುಂದಾಪ್ರ ಕನ್ನಡದ ಒಂದು ಕಾರ್ಟೂನು ಮಾಡಿಸಿ. ಹಾಸ್ಯಗಾರರನ್ನೇ ಕರೆದು ದನಿ ಕೊಡಿಸಿ. ಸಂಘಟಕರಲ್ಲಿ, ಊರು ಬಿಟ್ಟು ಬೆಂಗಳೂರು, ಮುಂಬೈ, ದುಬೈ ಸೇರಿರುವ ನಮ್ಮವರಲ್ಲಿ ಇದು ನನ್ನ ವಿನಂತಿ.